ಕಳ್ಳನ ಚಪ್ಪಲಿ, ನನ್ನ ಮೂರನೆಯ ವಾರ್ನಿಂಗ್

ಆ ಊರಿಗೆ ಕಾಲಿಟ್ಟ ಮೇಲೆ ನಗು ಬಾರದ ವಾರ ಒಂದೂ ಇಲ್ಲ. ಊರು ಎಂದರೆ ಕಂಪ್ಯೂಟರಿನೊಳಗಿನ ಊರು. ಅಲ್ಲಿ ರಸ್ತೆ, ಅಂಗಡಿ, ಪೊಲೀಸ್ ಠಾಣೆ, ಆಸ್ಪತ್ರೆ ಎಲ್ಲವೂ ಇವೆ. ಎಲ್ಲೆಲ್ಲೋ ಕೂತವರು ಸಂಜೆ ಒಂದೇ ಹೊತ್ತಿಗೆ ಒಳಗೆ ಬಂದು, ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು ಬದುಕುತ್ತಾರೆ. ಗೆಲುವಿಲ್ಲ, ಸೋಲಿಲ್ಲ. ಇದಕ್ಕೆ ರೋಲ್‌ಪ್ಲೇ ಎನ್ನುತ್ತಾರೆ.

ನಾನು ಹೊನ್ನಾಳಿಯಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಪಾಠ ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಜಗಳೂರಿನ ನಾದಿನಿ ರಜೆಗೆ ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಕೊಟ್ಟು, "ನೀವಾಗಿ ಮಾತಾಡಾಕೆ ಆಗದಿದ್ರೆ ಬ್ಯಾರೆ ಯಾರೋ ಆಗಿ ಮಾತಾಡ್ರಿ ಅತ್ತಿಗೆ" ಎಂದಳು. ಆ ಊರಲ್ಲಿ ಅವಳು ಇನ್‌ಸ್ಪೆಕ್ಟರ್. ನಾನು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ತೆರೆದೆ.

ಊರನ್ನು ನಡೆಸುವ ಅಡ್ಮಿನ್, ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು. ಬಲು ಕಟ್ಟುನಿಟ್ಟು. ನಿಯಮ ಮುರಿದರೆ ವಾರ್ನಿಂಗ್, ಮೂರನೆಯ ವಾರ್ನಿಂಗಿಗೆ ಊರಿನಿಂದಲೇ ಹೊರಗೆ. ಮತ್ತೆ ಬಾಗಿಲು ತೆರೆಯುವುದಿಲ್ಲ. ನಾನು ಬಾಯಿ ಬಿಡುವ ಜಾಗ ಅದೊಂದೇ ಆದ್ದರಿಂದ ನಿಯಮಗಳನ್ನು ಪ್ರಮೇಯಗಳಂತೆ ಬಾಯಿಪಾಠ ಮಾಡಿದೆ. ಪ್ರಮೇಯ ಬಂದವರಿಗೆಲ್ಲ ಲೆಕ್ಕ ಬರುವುದಿಲ್ಲ ಎಂದು ಮಕ್ಕಳಿಗೆ ನಾನೇ ಹೇಳುತ್ತಿರುತ್ತೇನೆ.

ಕಳ್ಳನ ಕಿವಿ

ಮಾತನ್ನು ಮೈಕಿನಲ್ಲಿ ಆಡಬೇಕು. ಪರದೆಯ ಗೊಂಬೆ ಮಾಡಲಾಗದ ಕೆಲಸವನ್ನು ಮಾತ್ರ "ಚಹಾ ಸೋಸುತ್ತಾಳೆ" ಎಂಬಂತೆ ಟೈಪ್ ಮಾಡಬೇಕು. ಇದು ಮೊದಲ ಪಾಠ.

ಅಂಗಡಿ ತೆರೆದ ದಿನವೇ ಕಳ್ಳ ಬಂದ. ನಿಜಜೀವನದಲ್ಲಿ ಆತ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಪಿಸ್ತೂಲು ಹಿಡಿದೂ, "ಬೇಜಾರಾಗಬ್ಯಾಡ್ರಿ, ಸ್ವಲ್ಪ ಕೈ ಎತ್ತ್ರಿ" ಎನ್ನುವಷ್ಟು ಮೃದು. ಪಿಸ್ತೂಲು ಕಂಡರೆ ಜೀವಭಯ ತೋರಿಸಬೇಕು ಎಂಬುದು ನಿಯಮ. ನಾನು ಕೈ ಎತ್ತಿದೆ. ಅಷ್ಟರಲ್ಲಿ ಆತ ಕೇಳದೆಯೇ ತಟ್ಟೆಯ ಮೆಣಸಿನಕಾಯಿ ಬಜ್ಜಿಗೆ ಕೈ ಹಾಕಿದ. ಕ್ಲಾಸಿನಲ್ಲಿ ನಿಂತ ಅಭ್ಯಾಸ ನನ್ನದು. ಟೈಪ್ ಮಾಡಿಯೇಬಿಟ್ಟೆ: "ಅಂಗಡಿಯವಳು ಕಳ್ಳನ ಕಿವಿ ಹಿಂಡುತ್ತಾಳೆ. ಕಳ್ಳ ತಪ್ಪಾಯಿತು ಎಂದು ಅಳುತ್ತಾನೆ."

ಅಡ್ಮಿನ್ ಓಡಿಬಂದರು. ಭಯಪಡದಿದ್ದದ್ದು ಒಂದು ತಪ್ಪು, ಅದಕ್ಕಿಂತ ದೊಡ್ಡದು ಪವರ್‌ಗೇಮಿಂಗ್. ಕಿವಿಗೆ ಕೈ ಚಾಚುವವರೆಗೆ ಮಾತ್ರ ನನ್ನ ಹಕ್ಕು. ಕಿವಿ ಸಿಕ್ಕಿತೋ ಇಲ್ಲವೋ, ನೋವಾಯಿತೋ ಇಲ್ಲವೋ, ಅತ್ತನೋ ಇಲ್ಲವೋ ಎಂಬುದನ್ನು ಕಿವಿಯ ಮಾಲೀಕರೇ ಬರೆಯಬೇಕಂತೆ. ಮೊದಲ ವಾರ್ನಿಂಗ್.

ಕಳ್ಳ ನನ್ನ ಪರವಾಗಿ ನಿಂತ. "ಇರಲಿ ಬಿಡ್ರಿ ಸರ್. ಅವರು ಹಿಂಡಿದಾಗ ಇಲ್ಲಿ ಚನ್ನಗಿರಿಯಾಗೆ ನನ್ನ ಕಿವಿ ಬಿಸಿ ಆತು."

ಬಾಗಿಲ ಬಳಿ

ಕಿವಿಯ ನಂತರ ಕಳ್ಳ ನನ್ನ ಅಂಗಡಿ ಬಿಟ್ಟು ದೊಡ್ಡ ಮನೆಗಳಿಗೆ ಕೈ ಹಾಕಿದ. ಒಂದು ಸಂಜೆ ಊರಿನ ಸಾಹುಕಾರ ವೇಷದವರ ಬಂಗಲೆಗೆ ನುಗ್ಗಿ ತಿಜೋರಿ ಒಡೆದು, ಸಾಮಾನು ಸಮೇತ ಹಿಂಬಾಗಿಲಿನಿಂದ ಪರಾರಿಯಾದ. ಕೈಗೆ ಗವಸು, ಮುಖಕ್ಕೆ ಮುಸುಕು. ಬೆರಳಚ್ಚು ಕೂಡ ಇಲ್ಲ. ಇಷ್ಟು ಚೊಕ್ಕ ಕಳ್ಳತನ ಊರಲ್ಲಿ ಆಗಿರಲೇ ಇಲ್ಲ.

ಇನ್‌ಸ್ಪೆಕ್ಟರ್ ನಾದಿನಿ ಬಂದು ತಲೆಬಾಗಿಲ ಬಳಿ ಉಳಿದಿದ್ದ ಟೈಪ್ ಸಾಲುಗಳನ್ನು ನೋಡಿದಳು. ಒಳಗೆ ನುಗ್ಗುವ ಮುನ್ನ ಕಳ್ಳ ತನ್ನ ಕೈಯಾರೆ ಬರೆದಿದ್ದ: "ಚಪ್ಪಲಿ ಹೊರಗೆ ಬಿಡುತ್ತಾನೆ."

ಬರೆದದ್ದೆಲ್ಲ ನಡೆದದ್ದೇ ಎಂಬುದು ನಿಯಮ. ಚಪ್ಪಲಿ ಜಪ್ತಿಯಾಯಿತು, ಅದರ ಗುರುತಿನ ಮೇಲೆ ಕಳ್ಳ ಸಿಕ್ಕಿಬಿದ್ದ. ಠಾಣೆಯಲ್ಲಿ ಯಾಕೆ ಹಾಗೆ ಬರೆದೆ ಎಂದು ಕೇಳಿದರೆ ಕಳ್ಳ ಹೇಳಿದ್ದು ಇಷ್ಟೇ: "ಯಾರದೇ ಮನೆ ಆಗ್ಲಿ ಮೇಡಂ, ಚಪ್ಪಲಿ ಹಾಕ್ಕಂಡು ಒಳಗೆ ಹೋಗಾಕೆ ಮನಸ್ಸು ಬರಲಿಲ್ಲ."

ಅತ್ತೆಯ ಮಾತ್ರೆ

ವೇಷದೊಳಗಿನ ಮಾತು ಬೇರೆ, ಹೊರಗಿನ ಮಾತು ಬೇರೆ. ಮನೆಯ ಸುದ್ದಿ ಒಳಗೆ ತರಬಾರದು. ತರಲೇಬೇಕಾದರೆ ಕಂಸದೊಳಗೆ ಟೈಪ್ ಮಾಡಬೇಕು. ಕಂಸದ ಬೆಲೆ ಗಣಿತದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡಿದ್ದೆ.

ಜೈಲಿನಿಂದ ತಪ್ಪಿಸಿಕೊಂಡ ಕಳ್ಳ ನನ್ನ ಅಂಗಡಿಯಲ್ಲಿ ಅಡಗಿದ. ಇನ್‌ಸ್ಪೆಕ್ಟರ್ ಬಾಗಿಲಲ್ಲಿ ಪಿಸ್ತೂಲು ಹಿಡಿದು ನಿಂತು, "ಏಯ್ ಅಂಗಡಿಯವಳೇ, ಪಕ್ಕಕ್ಕೆ ಸರಿ" ಎಂದು ಗುಡುಗಿದಳು. ಆಗಲೇ ನನ್ನ ಮನೆಯ ಗಡಿಯಾರ ಗಂಟೆ ಬಾರಿಸಿತು. ಅತ್ತೆ ಆಗ ಜಗಳೂರಿನಲ್ಲಿ ಮಗಳ, ಅಂದರೆ ಇದೇ ನಾದಿನಿಯ, ಮನೆಯಲ್ಲಿದ್ದರು.

"ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆಯೇನೇ?" ಎಂದೆ, ಮೈಕಿನಲ್ಲೇ.

"ಅಯ್ಯೋ, ಮರೆತೆ ಅತ್ತಿಗೆ" ಎಂದು ಇನ್‌ಸ್ಪೆಕ್ಟರ್ ಎದ್ದು ಹೋದಳು. ಬಾಗಿಲಲ್ಲಿ ಅವಳ ಗೊಂಬೆ ಪಿಸ್ತೂಲು ಹಿಡಿದು ಅಲುಗಾಡದೆ ನಿಂತಿತ್ತು. ಕಳ್ಳ ಅದರ ಪಕ್ಕದಿಂದಲೇ ನಡೆದು ಹೋದ. ಹೋಗುವಾಗ "ಹುಷಾರಾಗಿ ನೋಡ್ಕಳ್ರಿ ಅವರನ್ನ" ಎಂದೂ ಹೇಳಿ ಹೋದ.

ನನಗೆ ಎರಡನೆಯ ವಾರ್ನಿಂಗ್. ಇನ್‌ಸ್ಪೆಕ್ಟರ್‌ಗೂ ಒಂದು. ಅತ್ತೆಗೆ ಒಂದು ಮಾತ್ರೆ.

ಸತ್ತವರ ಮನೆಯ ಮಾತು

ಕಡೆಗೆ ಕಳ್ಳ ಸತ್ತ. ಕದ್ದ ಸ್ಕೂಟರ್ ಸಮೇತ ಸೇತುವೆಯಿಂದ ಬಿದ್ದ. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಎದ್ದು ಕೂರಬಹುದು. ಆದರೆ ಗುಮಾಸ್ತರಿಗೆ ಕಳ್ಳತನ ಸಾಕಾಗಿತ್ತು. ಪೂರ್ತಿ ಸಾಯುತ್ತೇನೆ, ಲಾಯರ್ ಆಗಿ ಹುಟ್ಟುತ್ತೇನೆ ಎಂದರು. ಹೊಸ ಜನ್ಮಕ್ಕೂ ನಿಯಮವಿದೆ. ಹಳೆಯದೊಂದೂ ನೆನಪಿರಬಾರದು.

ಸತ್ತ ಮೇಲೆ ಮನೆಯವರನ್ನು ಮಾತಾಡಿಸಿಕೊಂಡು ಬರದಿದ್ದರೆ ಹೇಗೆ? ಕಳ್ಳನಿಗೆ ಮನೆಯಿರಲಿಲ್ಲ, ನನ್ನ ಅಂಗಡಿಯಲ್ಲೇ ಎಲ್ಲರೂ ಸೇರಿದರು. ಇಂಥ ಸಭೆಯಲ್ಲಿ ಹೊರಗಿನ ಮಾತು ಬಾಯಿಗೆ ಬಂದರೆ ಮೂರನೆಯ ವಾರ್ನಿಂಗ್, ಊರು ಮುಗಿಯಿತು.

ಅಷ್ಟರಲ್ಲಿ ಕರಿಕೋಟಿನ ಹೊಸಬರು ಬಂದರು. ಪರದೆಯ ಮೇಲೆ ಸಾಲು ಮೂಡಿತು: "ಲಾಯರ್ ಚಪ್ಪಲಿ ಹೊರಗೆ ಬಿಡುತ್ತಾರೆ." ಎಲ್ಲರಿಗೂ ಗುರುತು ಹತ್ತಿತು. ಗುರುತು ಹತ್ತಿದೆ ಎನ್ನುವ ಹಾಗಿಲ್ಲ.

"ಸತ್ತವರು ಹೆಂಗಿದ್ರು?" ಎಂದು ಲಾಯರ್ ಗಂಭೀರವಾಗಿ ಕೇಳಿದರು. ಬರಗೆಟ್ಟ ಕಳ್ಳ, ಓಡಾಕೂ ಬರ್ತಿರಲಿಲ್ಲ ಎಂದು ಇನ್‌ಸ್ಪೆಕ್ಟರ್ ಶುರುಮಾಡಿದಳು. ಜಿಪುಣ ಎಂದರು ಸಾಹುಕಾರರು. "ಲಾಯರ್ ಮುಖ ಕೆಂಪಾಗುತ್ತದೆ, ಸೆಖೆಗೆ" ಎಂದು ಪರದೆಯ ಮೇಲೆ ಬಂತು.

ನನ್ನ ಸರದಿ. ಆಗ ನಮ್ಮ ಮನೆಗೆ ಮಾತಾಡಿಸಲು ಬಂದವರೆಲ್ಲ ಯಜಮಾನರನ್ನು ದೇವರಂಥವರು ಎಂದೇ ಹೇಳಿ ಹೋಗಿದ್ದರು. ಅವರು ಹೇಗಿದ್ದರು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಕೇಳಿದರು.

"ಚಹಾ ಸೊರ್ರ್ ಅಂತ ಸದ್ದು ಮಾಡ್ತಾ ಕುಡೀತಿದ್ರು" ಎಂದೆ. "ಪೇಪರ್ ಓದಿ ಹಾಳೆಗಳನ್ನ ಹಿಂದೆಮುಂದೆ ಮಾಡಿ ಇಡ್ತಿದ್ರು. ಬಸ್ಸು ನಿಲ್ಲೋ ಮೊದಲೇ ಎದ್ದು ನಿಲ್ತಿದ್ರು, ದಿನಾ ಬೈತಿದ್ದೆ. ಈಗ ಪೇಪರು ಸರಿಯಾಗಿರ್ತದೆ. ಅದನ್ನ ನೋಡಾಕಾಗಲ್ಲ."

ಇನ್‌ಸ್ಪೆಕ್ಟರ್ ಮೈಕ್ ಆಫ್ ಮಾಡಿಕೊಂಡಳು. ನಾನು ಹೇಳಿದ್ದು ಅವಳ ಅಣ್ಣನ ಸುದ್ದಿ.

ಅಡ್ಮಿನ್ ಕೇಳಿದರು: "ಟೀಚರ್, ಕೇಳಾಕೆ ನನಗೂ ಕಷ್ಟ. ಇದು ಒಳಗಿನ ಮಾತೋ, ಹೊರಗಿನ ಮಾತೋ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಬಾಯಿ ತೆರೆದೆ.

"ಆಕ್ಷೇಪಣೆ ಐತೆ" ಎಂದು ಲಾಯರ್ ಎದ್ದರು. "ಒಳಗಿನ ಮಾತೇ ಸರ್. ಸತ್ತವರು ಚಹಾ ಹಂಗೇ ಕುಡೀತಿದ್ರು. ಪೇಪರ್ ಹಂಗೇ ಇಡ್ತಿದ್ರು. ನಾನೇ ಸಾಕ್ಷಿ."

"ನೀವು ಊರಿಗೆ ಬಂದಿದ್ದೇ ಇವತ್ತು. ಸತ್ತವರ ವಿಚಾರ ನಿಮಗೆ ಹೆಂಗೆ ಗೊತ್ತು?"

ಲಾಯರ್ ತಡವರಿಸಲೂ ಇಲ್ಲ. "ಸತ್ತಿದ್ದು ನಾನೇ ಅಲ್ಲೇನ್ರೀ ಸರ್."

ಹೊಸ ಜನ್ಮದ ನಿಯಮ ಎಲ್ಲರೆದುರಿಗೆ ಮುರಿದುಬಿತ್ತು. ಅಡ್ಮಿನ್ ಆ ಸಂಜೆ ಒಂದೇ ವಾರ್ನಿಂಗ್ ಕೊಟ್ಟರು, ಅದೂ ಸತ್ತವರಿಗೆ. ನನ್ನ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

"ಲಾಯರ್ ಹೊರಗೆ ಬಂದು ಚಪ್ಪಲಿ ಹುಡುಕುತ್ತಾರೆ" ಎಂದು ಸಾಲು ಮೂಡಿತು. ಇನ್‌ಸ್ಪೆಕ್ಟರ್ ಮೈಕ್ ಮತ್ತೆ ಆನ್ ಆಯಿತು. ಮೂಗು ಕಟ್ಟಿದ ಧ್ವನಿಯಲ್ಲಿ ಅವಳು ಹೇಳಿದಳು:

"ಹುಡುಕಬ್ಯಾಡ್ರಿ ವಕೀಲರೇ. ಜಪ್ತಿ ಆಗ್ಯಾವೆ."