ಬೀಗದಪ್ಪ ಹೊರಗುಳಿದದ್ದು

ಅಯ್ಯಯ್ಯೋ, ಆವತ್ತು ಬೀಗದಪ್ಪನ ಮುಖ ನೀವು ನೋಡಬೇಕಿತ್ತು! ಕಂಪನಿಯ ಅರವತ್ತು ಸರ್ವರ್‌ಗಳ ಏಕಚಕ್ರಾಧಿಪತಿ ಅವನು. ಯಾರೇ ಮನೆಯಿಂದ ಅವುಗಳೊಳಗೆ ಲಾಗಿನ್ ಆಗಬೇಕಾದರೂ ಅವರ ಕೀಲಿಯನ್ನು (ಹಿತ್ತಾಳೆಯದಲ್ಲ, ಮಾರುದ್ದ ಅಕ್ಷರಗಳ ಒಂದು ಫೈಲು) ಒಂದೊಂದು ಸರ್ವರಿಗೂ ಅವನೇ ಹಾಕಬೇಕು. ಆಫೀಸಿನವರು ಆ ಹೆಸರಿಟ್ಟಿದ್ದು ಅದಕ್ಕೇ. ಹೆಂಡತಿಗೂ ಅದೇ ಕಂಪನಿಯಲ್ಲಿ ಕೆಲಸ, ಸಾಫ್ಟ್‌ವೇರಿನ ತಪ್ಪು ಹುಡುಕುವುದು. (ಮನೆಯಲ್ಲೂ ಅವಳಿಗೆ ಅದೇ ಕೆಲಸ ಎಂಬುದು ಅವನ ದೂರು.)

ಬೆಳಿಗ್ಗೆ ಊಟದ ಮೇಜಿನ ಎರಡು ತುದಿಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದರು.

"ಇನ್ಮೇಲೆ ಒಂದೇ ಪಟ್ಟಿ ಕಣೇ! ಹೆಸರು ಬರೆದು ಗುಂಡಿ ಒತ್ತಿದ್ರೆ ಅರವತ್ತಕ್ಕೂ ಕೀಲಿ ತಾನಾಗೇ ಹೋಗಿ ಕೂರುತ್ತೆ. ಪಟ್ಟಿಯಲ್ಲಿ ಇಲ್ಲದವರದ್ದು ತಾನಾಗೇ ಅಳಿಸಿಹೋಗುತ್ತೆ!"

"ರೀ, ಹನ್ನೊಂದಕ್ಕೆ ಗಿರಾಕಿಗಳಿಗೆ ಹೊಸ ಸಾಫ್ಟ್‌ವೇರ್ ತೋರಿಸೋದಿದೆ. ಇವತ್ತೇ ಬೇಕಿತ್ತಾ ಈ ಪ್ರಯೋಗ?"

"ಹಳೇ ಸರ್ವರ್ ಒಂದರ ಮೇಲೆ ಅಷ್ಟೇ. ಪಟ್ಟಿಯಲ್ಲೂ ಒಂದೇ ಹೆಸರು, ನಿನ್ನದು. ಸುಮ್ನಿರು."

ಒತ್ತಿದ. ಪರದೆಯ ಮೇಲೆ ಹಳದಿ ಸಾಲುಗಳು ಸರಸರ ಇಳಿದವು. ಒಂದು, ಹತ್ತು, ಮೂವತ್ತು... ಒಂದೇ ಸರ್ವರಿಗೆ ಇಷ್ಟು ಸಾಲೇ? ತಾನು ಬರೆದದ್ದನ್ನು ಮತ್ತೆ ತೆರೆದು ನೋಡಿದ. ಸರ್ವರಿನ ಹೆಸರು ಬರೆಯಬೇಕಾದ ಕಡೆ 'ಎಲ್ಲಾ' ಎಂದೇ ಉಳಿದುಬಿಟ್ಟಿತ್ತು! ಒಂದು ಸರ್ವರಿಗೆ ಲಾಗಿನ್ ಆಗಲು ನೋಡಿದ. ಪ್ರವೇಶವಿಲ್ಲ. ಇನ್ನೊಂದಕ್ಕೆ ಹೋದ. ಅಲ್ಲೂ ಇಲ್ಲ. ನಲವತ್ತೆರಡು ಜನರ ಕೀಲಿ, ಅವನದೂ ಸೇರಿ, ಒಂದೇ ಏಟಿಗೆ ನಿರ್ನಾಮವಾಗಿತ್ತು.

ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಏನ್ರೀ ಇದು, ಯಾರಿಗೂ ಒಳಗೆ ಹೋಗೋಕಾಗ್ತಿಲ್ಲ! ಇನ್ನು ಇಪ್ಪತ್ತೇ ನಿಮಿಷ ಇರೋದು. ಗಿರಾಕಿ ಕೈಬಿಟ್ಟರೆ ನಿಮ್ಮ ಕೆಲಸಾನೂ ಮರೆತುಬಿಡಿ!"

ಬೀಗದಪ್ಪ ಮೇಜು ಸುತ್ತಿಕೊಂಡು ಓಡಿಬಂದ. "ನಿನ್ನ ಲ್ಯಾಪ್‌ಟಾಪ್ ಕೊಡೇ! ಇಡೀ ಕಂಪನೀಲಿ ಈಗ ಒಳಗೆ ಹೋಗೋಳು ನೀನೊಬ್ಬಳೇ!"

"ನಾನಾ?" ಅವಳೂ ಬೆಚ್ಚಿಬಿದ್ದಳು. ಆದರೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಕೈ ತೆಗೀರಿ! ತಮ್ಮ ಕೀಲಿ ಇನ್ನೊಬ್ಬರ ಕೈಗೆ ಕೊಡಬಾರದು ಅಂತ ಮೂರು ಪುಟ ನಿಯಮ ಬರೆದೋರು ಯಾರು? ಎಲ್ಲರ ಕೀಲಿ ಇರೋ ಹಳೇ ಪಟ್ಟಿ ಕಳಿಸಿ, ನಾನೇ ಹಾಕ್ತೀನಿ."

ಮೊದಲು ಒಂದೇ ಸರ್ವರಿಗೆ ಹಾಕಿ ನೋಡಿದಳು. ಸರಿಯಿದೆ ಎಂದಾದ ಮೇಲೆ ಉಳಿದವಕ್ಕೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮ್ಯಾನೇಜರ್ ಈ ಸಲ ಅವಳ ಫೋನಿಗೇ ಮಾಡಿದರು. "ಆಯ್ತು ಸರ್... ಹಾಗೇ ಆಗ್ಲಿ ಸರ್..."

ಬೀಗದಪ್ಪ ಉಸಿರು ಬಿಟ್ಟ. "ಎಲ್ಲರದ್ದೂ ಬಂತಾ?"

"ಬಂತು. ನಿಮ್ಮದೊಂದು ಬಿಟ್ಟು."

"ಆಂ?"

"ಪಟ್ಟಿ ಇನ್ಮೇಲೆ ನನ್ನ ಹತ್ರಾನೇ ಇರ್ಲಿ ಅಂದ್ರು ಸರ್. ನಿಮಗೆ ಕೀಲಿ ಬೇಕಿದ್ರೆ ಅರ್ಜಿ ಕೊಡ್ಬೇಕಂತೆ. ನನಗೆ."

ಅರವತ್ತು ಸರ್ವರ್‌ಗಳನ್ನೂ ಕೈಯಾರೆ ಕಟ್ಟಿ ನಿಲ್ಲಿಸಿದ್ದವನು ತೆರೆದ ಬಾಯಿ ಮುಚ್ಚದೆಯೇ ಅರ್ಜಿ ಬರೆಯಲು ಕೂತ. 'ಮಾನ್ಯರೇ' ಎಂದು ಶುರುಮಾಡಿ 'ಇಂತಿ ತಮ್ಮ ವಿಧೇಯ' ಎಂದು ಮುಗಿಸಿ, ಕಾಗದವನ್ನು ಮೇಜಿನ ಆ ತುದಿಗೆ ತಳ್ಳಿದ. ಅವಳು ಕನ್ನಡಕ ಏರಿಸಿಕೊಂಡು ಓದಿದಳು. ವಾಪಸು ತಳ್ಳಿದಳು.

"ಕೊನೇ ಸಾಲು ಒಂದ್ಸಲ ಜೋರಾಗಿ ಓದ್ರೀ," ಎಂದಳು. "ಮದುವೆಯಾಗಿ ಹನ್ನೊಂದು ವರ್ಷ ಆಯ್ತು, ನಿಮ್ಮ ಬಾಯಲ್ಲಿ ಒಮ್ಮೆ ಕೇಳೋಣ."