ಇಡೀ ಊರು ನೋಡಿದ ಮೇಸ್ತ್ರಿ

ಮೇಸ್ತ್ರಿಗಳ ಆ ದಿನದ ಗ್ರಹಚಾರಕ್ಕೆಲ್ಲ ಮೂಲ, ಅವರ ಫೋನಿನಲ್ಲಿ ಮಿನುಗುತ್ತಿದ್ದ ಕಡಲೆಕಾಳಿನಷ್ಟು ಗಾತ್ರದ ಒಂದು ನೀಲಿ ಚುಕ್ಕೆ.

ತಕ್ಕಡಿ ಕಾರ್ಖಾನೆಯಲ್ಲಿ ಅವರದು ಇಪ್ಪತ್ತೆರಡು ವರ್ಷದ ಸರ್ವೀಸು. ಕೆಟ್ಟ ತಕ್ಕಡಿಯ ಮೇಲೆ ಅಂಗೈ ಇಟ್ಟರೆ ಸಾಕು, ಎಷ್ಟು ಗ್ರಾಂ ಸುಳ್ಳು ಹೇಳುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಆದರೆ ದೇವರು ತೂಕದ ಜ್ಞಾನ ಕೊಟ್ಟ ಕೈಯಲ್ಲೇ ದಿಕ್ಕಿನ ಜ್ಞಾನ ಕಿತ್ತುಕೊಂಡಿದ್ದ. ಕಾರ್ಖಾನೆಯ ಹೊಸ ಕಟ್ಟಡದಲ್ಲಿ ಕ್ಯಾಂಟೀನಿಗೆಂದು ಹೊರಟು ಎರಡು ಸಲ ಬಾಯ್ಲರ್ ರೂಮಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು.

ಇಂಥವರನ್ನು ಮ್ಯಾನೇಜರು ಪರದೇಶಕ್ಕೆ ಕಳಿಸಿದರು. ಅಲ್ಲಿ ನಲವತ್ತು ಅಂಗಡಿಗಳ ಯಜಮಾನಿಯೊಬ್ಬಳು ಅಂಗಡಿಗೊಂದರಂತೆ ತಕ್ಕಡಿ ಕೊಳ್ಳಲು ಒಪ್ಪಿದ್ದಳು. ಷರತ್ತು ಒಂದೇ: ಒಬ್ಬ ಕೆಲಸಗಾರ ಬಂದು ತನ್ನೆದುರೇ ತಕ್ಕಡಿಯನ್ನು ಬಿಚ್ಚಿ, ಜೋಡಿಸಿ ತೋರಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಭೇಟಿ, ಮಾರನೆಯ ದಿನ ವಾಪಸು ವಿಮಾನ.

"ಆರ್ಡರ್ ತಂದ್ರೆ ನೀವು ಫೋರ್ಮನ್. ತರದಿದ್ರೆ..." ಎಂದು ಮ್ಯಾನೇಜರು ಮಾತು ನಿಲ್ಲಿಸಿ ಕಿಟಕಿಯಾಚೆ ಗೇಟಿನ ಕಡೆ ನೋಡಿದ್ದರು.

ಹೊರಡುವ ಮುನ್ನ ಸ್ಟೋರ್‌ಕೀಪರ್ ಬಂದು ಭುಜ ಹಿಡಿದ. ಅವನು ಪರದೇಶ ಕಂಡವನಲ್ಲ, ಅವನ ಷಡ್ಡಕ ಕಂಡಿದ್ದ.

"ಮೇಸ್ತ್ರಿ, ಅಲ್ಲಿನ ಟ್ಯಾಕ್ಸಿಯವರು ಹೊಸಬರನ್ನ ಕಂಡ್ರೆ ಗಾಣದೆತ್ತಿನ ಹಾಗೆ ಸುತ್ತಿಸ್ತಾರೆ. ನನ್ನ ಷಡ್ಡಕ ವಿಮಾನ ಇಳಿದಾಗ ಗಡ್ಡ ಬೋಳಿಸ್ಕೊಂಡಿದ್ದ, ಲಾಡ್ಜ್ ಮುಟ್ಟೋ ಹೊತ್ತಿಗೆ ಬೆಳೆದಿತ್ತು! ಹೆದರ್ಬೇಡಿ, ನಾವಿದೀವಿ."

ಹೀಗೆಂದು ಅವರ ಫೋನು ಕಸಿದು ಏನೋ ಒತ್ತಿದ. ಅಂದಿನಿಂದ ಮೇಸ್ತ್ರಿಗಳು ಎಲ್ಲಿ ಹೋದರೂ ಅವರ ಚುಕ್ಕೆ ಆಫೀಸಿನ ಗ್ರೂಪಿನ ನಕಾಶೆಯಲ್ಲಿ ಕಾಣತೊಡಗಿತು. ಡಿಸ್ಪ್ಯಾಚ್ ಅಕ್ಕ ಎಂದೇ ಹೆಸರಾದ ರವಾನೆ ವಿಭಾಗದ ಹೆಂಗಸು, "ಪಾಪ, ಅವರಿಗೂ ಧೈರ್ಯ ಇರ್ಲಿ" ಎಂದು ಮೇಸ್ತ್ರಿಗಳ ಹೆಂಡತಿಯನ್ನೂ ಗ್ರೂಪಿಗೆ ಸೇರಿಸಿದಳು.

ಬೆಳಿಗ್ಗೆ ಹತ್ತಕ್ಕೆ ಮೇಸ್ತ್ರಿಗಳು ಉಪಕರಣದ ಪೆಟ್ಟಿಗೆ ಹಿಡಿದು ಹೋಟೆಲಿನ ಮುಂದೆ ಟ್ಯಾಕ್ಸಿ ಹತ್ತಿದರು. ಚಾಲಕ ಬಿಳಿ ಮೀಸೆಯ ಮುದುಕ. ವಿಳಾಸದ ಚೀಟಿ ನೋಡಿ ತಲೆಯಾಡಿಸಿದ. ಇವರ ಇಂಗ್ಲಿಷೂ ಅವನ ಇಂಗ್ಲಿಷೂ ಒಂದೇ ತೂಕದವಾದ್ದರಿಂದ ಇಬ್ಬರೂ ನಕ್ಕು ಸುಮ್ಮನಾದರು. ಕಾರು ಎರಡು ಫರ್ಲಾಂಗು ಹೋಗಿ ಎಡಕ್ಕೆ ತಿರುಗಿದ್ದೇ ತಡ, ಫೋನು ಬಡಿದುಕೊಂಡಿತು.

"ಮೇಸ್ತ್ರಿ! ನೆಟ್ಟಗೆ ಹೋಗಿ ಸೇತುವೆ ದಾಟ್ಬೇಕು. ಅವನು ಎಡಕ್ಕೆ ಎಳೀತಿದಾನೆ!" ಸ್ಟೋರ್‌ಕೀಪರನ ದನಿ. ಅವನ ಹಿಂದೆ ನಾಲ್ಕೈದು ಜನರ ಗದ್ದಲ. ತಕ್ಕಡಿ ಕೆಲಸವನ್ನೆಲ್ಲ ಬಿಟ್ಟು ಎಲ್ಲರೂ ಒಂದೇ ಪರದೆಗೆ ಮುತ್ತಿದ್ದರು.

"ಏನೋ ಅಡ್ಡದಾರಿ ಇರಬಹುದು ಕಣಪ್ಪ."

"ನನ್ನ ಷಡ್ಡಕನೂ ಹೀಗೇ ಅಂದ್ಕೊಂಡಿದ್ದ! ಇಳೀರಿ!"

ಮೇಸ್ತ್ರಿಗಳು ಇಳಿದರು. ಮುದುಕ ಎರಡೂ ಕೈ ಆಡಿಸಿ ಏನೇನೋ ವಿವರಿಸಿದ. ಇವರು ಮುಖ ಬಿಗಿದುಕೊಂಡು ಸೇತುವೆಯ ಕಡೆಗೆ ಬಿರಬಿರನೆ ನಡೆದರು. ಅಲ್ಲಿ ಹೋಗಿ ನೋಡಿದರೆ ಸೇತುವೆಗೆ ಅಡ್ಡಲಾಗಿ ಪೀಪಾಯಿ ಇಟ್ಟಿದ್ದರು. ಅರ್ಧ ಸೇತುವೆ ಇತ್ತು, ಇನ್ನರ್ಧ ನೀರಿನಲ್ಲಿತ್ತು. ಹಳದಿ ಟೋಪಿಯ ಕೆಲಸಗಾರನೊಬ್ಬ ಅವರನ್ನು ನೋಡಿ ಎಡಗಡೆಯ ರಸ್ತೆಗೆ ಕೈ ತೋರಿಸಿದ. ಮುದುಕ ಹಿಡಿದಿದ್ದ ಅದೇ ರಸ್ತೆ.

"ನಕಾಶೇಲಿ ಸೇತುವೆ ಗಟ್ಟಿಯಾಗೇ ಇದೆಯಲ್ಲ!" ಎಂದ ಸ್ಟೋರ್‌ಕೀಪರ್, ತಪ್ಪು ನದಿಯದೇ ಎನ್ನುವಂತೆ.

ಎರಡನೆಯ ಟ್ಯಾಕ್ಸಿ ಸಿಗುವಾಗ ಹತ್ತೂಮುಕ್ಕಾಲು. ಚಾಲಕ ಕುಸ್ತಿ ಪೈಲ್ವಾನನ ಹಾಗಿದ್ದ. ಐದು ನಿಮಿಷ ಸರಿಯಾಗಿಯೇ ಹೋಯಿತು. ಆಮೇಲೆ ರಸ್ತೆಯ ಬದಿಯಲ್ಲಿ ತುಂಬು ಗರ್ಭಿಣಿಯೊಬ್ಬಳು ಕಂಬ ಹಿಡಿದು ನಿಂತು ಕೈ ಬೀಸಿದಳು. ಪೈಲ್ವಾನ್ ಗಕ್ಕನೆ ಬ್ರೇಕು ಹಾಕಿ, ಕೇಳದೆ ಮಾಡದೆ ಅವಳನ್ನು ಮೇಸ್ತ್ರಿಗಳ ಪಕ್ಕದಲ್ಲಿ ಕೂರಿಸಿ, ಕಾರನ್ನು ಹಿಂದಕ್ಕೆ ತಿರುಗಿಸಿದ. ಅವಳು ನೋವು ತಡೆಯಲಾರದೆ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಮೇಸ್ತ್ರಿಗಳ ಕುತ್ತಿಗೆಪಟ್ಟಿ.

"ಇದು ಗ್ಯಾಂಗು! ಹೆಂಗಸನ್ನ ಹತ್ತಿಸ್ಕೊಳ್ಳೋದೇ ಅವರ ಉಪಾಯ. ಪೆಟ್ಟಿಗೆ ಭದ್ರ!" ಎಂದು, ಚುಕ್ಕೆ ಹಿಂದಕ್ಕೆ ತಿರುಗಿದ್ದು ಕಂಡು ಫೋನು ಮಾಡಿದ್ದ ಡಿಸ್ಪ್ಯಾಚ್ ಅಕ್ಕ, ಹೆಂಗಸಿನ ನರಳಾಟ ಕೇಳಿ ಕೂಗಿದಳು.

"ಗ್ಯಾಂಗಲ್ಲಮ್ಮ, ಹೆರಿಗೆ!" ಎಂದು ಮೇಸ್ತ್ರಿಗಳು ಉಸಿರು ಸಿಕ್ಕಷ್ಟು ಹೊತ್ತಿನಲ್ಲಿ ಹೇಳಿದರು.

ಆಸ್ಪತ್ರೆ ಮುಟ್ಟಿದ್ದೇ ಪೈಲ್ವಾನ್ ಅವಳನ್ನು ಎತ್ತಿಕೊಂಡು ಒಳಗೆ ಓಡಿದ. ಒಂದು ಕೈಯಲ್ಲಿ ತಮ್ಮ ಪೆಟ್ಟಿಗೆ, ಇನ್ನೊಂದರಲ್ಲಿ ಅವಳ ಚೀಲ ಹಿಡಿದು ಮೇಸ್ತ್ರಿಗಳೂ ಓಡಿದರು. ಬಾಗಿಲಲ್ಲಿದ್ದ ನರ್ಸಮ್ಮ ಚೀಲ ನೋಡಿದಳು, ಹರಿದ ಕುತ್ತಿಗೆಪಟ್ಟಿ ನೋಡಿದಳು, ಬೆವರು ನೋಡಿದಳು. ಅವಳಿಗೆ ಅನುಮಾನವೇ ಉಳಿಯಲಿಲ್ಲ. ಮೇಸ್ತ್ರಿಗಳನ್ನು ಬೆಂಚಿನ ಮೇಲೆ ಕೂರಿಸಿ, ಬೆನ್ನು ಸವರಿ, ಭರ್ತಿ ಮಾಡಲು ಒಂದು ಫಾರಂ ಕೊಟ್ಟಳು. ಹೊರಗೆ ಪೊಲೀಸಿನವನು ಸೀಟಿ ಊದಿದ್ದರಿಂದ ಪೈಲ್ವಾನ್ ಕಾರು ತೆಗೆದುಕೊಂಡು ಹೋಗಿದ್ದ. ಎದ್ದು ಹೋಗೋಣವೆಂದರೆ ಒಳಗಿನಿಂದ ಕೂಗು ಕೇಳುತ್ತಿತ್ತು. ಗುರುತಿಲ್ಲದವಳಾದರೇನು, ಹಾಗೆ ಬಿಟ್ಟು ಹೋಗಲು ಅವರಿಗೆ ಮನಸ್ಸು ಬರಲಿಲ್ಲ.

ಆಗ ಹೆಂಡತಿಯ ಫೋನು ಬಂತು.

"ರೀ, ನಿಮ್ಮ ಚುಕ್ಕೆ ಮುಕ್ಕಾಲು ಗಂಟೆಯಿಂದ ಹೆರಿಗೆ ಆಸ್ಪತ್ರೇಲಿ ಕೂತಿದೆ."

"ಹೌದು ಕಣೇ. ಟ್ಯಾಕ್ಸೀಲಿ ಒಬ್ಬಳು ಹೆಂಗಸು..."

"ಯಾರ್ರೀ ಅವಳು?"

"ನಂಗೇನು ಗೊತ್ತು? ದಾರೀಲಿ ಸಿಕ್ಕಿದ್ಲು."

ಹೇಳಿದ ಮೇಲೆ ಅದು ಎಂಥ ಮಾತೆಂದು ಮೇಸ್ತ್ರಿಗಳಿಗೆ ಹೊಳೆಯಿತು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವರ ತೊಡೆಯ ಮೇಲಿಟ್ಟಳು. ಮಗು ಫೋನಿನ ಸನಿಹದಲ್ಲೇ ಕಿಟಾರನೆ ಕಿರುಚಿತು.

"ನಾಳೆ ಮನೆಗೆ ಬರ್ತೀರಲ್ಲ, ಮಾತಾಡೋಣ" ಎಂದು ಹೆಂಡತಿ ಫೋನಿಟ್ಟಳು. ಆ ದನಿಯ ತಂಪಿಗೆ ಮೇಸ್ತ್ರಿಗಳ ಬೆವರೇ ಒಣಗಿತು.

ನಿಜವಾದ ಗಂಡ ಓಡೋಡಿ ಬಂದು, ಸಂಗತಿ ತಿಳಿದು, ಅವರನ್ನು ತಬ್ಬಿ ಕಣ್ಣೀರು ಹಾಕಿ ಕಳಿಸಿಕೊಡುವಾಗ ಹನ್ನೆರಡೂವರೆ. ಮೇಸ್ತ್ರಿಗಳು ಮೆಟ್ಟಿಲ ಮೇಲೆ ನಿಂತು ಯೋಚಿಸಿದರು. ಮುದುಕ ಒಳ್ಳೆಯವನಾಗಿದ್ದ. ಪೈಲ್ವಾನನಂತೂ ದೇವರಂಥವನು. ಕೆಡಿಸಿದ್ದು ಯಾರು? ಈ ಫೋನು. ಇನ್ನು ಯಾರ ಮಾತೂ ಬೇಡ, ಮನುಷ್ಯನನ್ನು ನಂಬಬೇಕು ಎಂದು ಫೋನನ್ನು ಆರಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದರು.

ಮೂರನೆಯ ಟ್ಯಾಕ್ಸಿಯವನು ತಾನೇ ಇಳಿದು ಬಂದು ಬಾಗಿಲು ತೆಗೆದ. ಒಳ್ಳೆಯ ಇಂಗ್ಲಿಷು, ಬೆಣ್ಣೆಯಂಥ ಮಾತು. "ಊರಿಗೆ ಹೊಸಬರಾ ಸಾರ್?" ಎಂದು ಕೇಳಿದ.

"ನಿನ್ನೆ ಬಂದೆ. ಏನೂ ಗೊತ್ತಿಲ್ಲಪ್ಪ. ಎಲ್ಲಾ ನಿನ್ನ ಕೈಲಿದೆ" ಎಂದು ಮೇಸ್ತ್ರಿಗಳು ಹೃದಯ ಬಿಚ್ಚಿಟ್ಟರು.

"ನಿಶ್ಚಿಂತೆಯಾಗಿ ಕೂತ್ಕೊಳ್ಳಿ" ಎಂದ ಅವನು, ಅಷ್ಟೇ ಹೃತ್ಪೂರ್ವಕವಾಗಿ.

ಕಾರು ಗಾಳಿಯಲ್ಲಿ ತೇಲಿದಂತೆ ಸಾಗಿತು. ಎತ್ತರದ ಗಡಿಯಾರ ಗೋಪುರವೊಂದು ಕಂಡಿತು, ಗಂಟೆ ಒಂದು. ರೈಲ್ವೆ ನಿಲ್ದಾಣ, ದೊಡ್ಡ ಮಾರುಕಟ್ಟೆ, ಬಂದರು ದಾಟಿ ಮತ್ತೊಂದು ಗಡಿಯಾರ ಗೋಪುರ, ಒಂದೂಮುಕ್ಕಾಲು. ಇನ್ನೊಂದಷ್ಟು ಹೊತ್ತಿಗೆ ಮೂರನೆಯದು, ಎರಡೂವರೆ.

"ನಿಮ್ಮೂರಲ್ಲಿ ಎಷ್ಟೊಂದು ಗಡಿಯಾರ ಗೋಪುರ! ಎಲ್ಲಾ ಒಂದೇ ಅಚ್ಚು!"

"ನಮ್ಮ ಜನಕ್ಕೆ ಹೊತ್ತು ಅಂದ್ರೆ ಪ್ರಾಣ ಸಾರ್" ಎಂದ ಅವನು.

ಬೆಳಿಗ್ಗೆ ಇಂಥವರ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಮೇಸ್ತ್ರಿಗಳು ನಾಚಿಕೊಂಡರು.

ಮೂರು ಗಂಟೆಗೆ ಯಜಮಾನಿಯ ಕೋಣೆ ಸೇರಿದರು. ನರೆಗೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಎದುರಿಗೆ ತಕ್ಕಡಿ. ಆಕೆ ಗಡಿಯಾರ ನೋಡಿ, ಇವರನ್ನು ನೋಡಿ, ಕೇಳಿದಳು: "ಹನ್ನೊಂದಕ್ಕೆ ಬರಬೇಕಾದವರು. ನಾಲ್ಕು ಗಂಟೆ ಎಲ್ಲಿದ್ರಿ?"

ದಾರಿ ತಪ್ಪಿದೆ ಎಂದರೆ ಫೋರ್ಮನ್ ಕುರ್ಚಿ ಹೋದಂತೆ. ಜೀವನದಲ್ಲಿ ಅರ್ಧ ಗ್ರಾಂ ಸುಳ್ಳನ್ನೂ ಸಹಿಸದ ಮೇಸ್ತ್ರಿಗಳು ಅಂದು ಕ್ವಿಂಟಾಲುಗಟ್ಟಲೆ ಹೇಳಿದರು.

"ತಕ್ಕಡಿ ನೋಡೋಕೆ ಮುಂಚೆ ಅದು ಕೆಲಸ ಮಾಡೋ ಊರು ನೋಡ್ಬೇಕು, ಅಮ್ಮ. ಅದು ನನ್ನ ಪದ್ಧತಿ. ಬೆಳಿಗ್ಗೆಯಿಂದ ಇಡೀ ಊರು ಸುತ್ತಿದೆ. ಮುರಿದ ಸೇತುವೆ, ಆಸ್ಪತ್ರೆ, ಮಾರುಕಟ್ಟೆ, ಬಂದರು, ಮೂರೂ ಗಡಿಯಾರ ಗೋಪುರ..."

"ಮೂರಾ? ನಮ್ಮೂರಲ್ಲಿರೋದು ಒಂದೇ."

ಮೇಸ್ತ್ರಿಗಳು ಕಿಟಕಿಯತ್ತ ತಿರುಗಿದರು. ಕೆಳಗೆ ಬೀದಿಯಲ್ಲಿ ಬೆಣ್ಣೆ ಮಾತಿನವನು ಕಾರಿನ ಗಾಜು ಒರೆಸುತ್ತಿದ್ದ. ಅವನನ್ನು ಬೈದರೆ ತಮ್ಮ ಬಣ್ಣವೇ ಬಯಲು.

"ಅದನ್ನೇ ಮೂರು ಸಲ ನೋಡಿದೆ" ಎಂದರು. "ಒಂದು ಸಲ ನೋಡಿ ಬಿಡೋನು ನಾನಲ್ಲ."

ಯಜಮಾನಿ ಕನ್ನಡಕ ತೆಗೆದಳು. "ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಿ. ಇಷ್ಟು ಶ್ರದ್ಧೆ ಇರೋರನ್ನ ಇವತ್ತೇ ನೋಡಿದ್ದು" ಎಂದಳು. ಮೇಸ್ತ್ರಿಗಳು ತಕ್ಕಡಿ ಬಿಚ್ಚಿ ಜೋಡಿಸಿದ್ದನ್ನು ಆಕೆ ಸರಿಯಾಗಿ ನೋಡಲೂ ಇಲ್ಲ. ಒಳಕೋಣೆಗೆ ಹೋಗಿ ಯಾರೊಡನೆಯೋ ಬಹಳ ಹೊತ್ತು ಮಾತಾಡಿ ಬಂದು, ತನ್ನ ಫೋನನ್ನು ಇವರ ಕೈಗಿತ್ತಳು.

"ಮೇಸ್ತ್ರಿ, ಗೆದ್ರಿ ಕಣ್ರೀ!" ಮ್ಯಾನೇಜರು ಕುಣಿಯುತ್ತಿದ್ದರು. "ನಲವತ್ತಲ್ಲ, ಎಂಬತ್ತಕ್ಕೆ ಆರ್ಡರ್! ಷರತ್ತು ಒಂದೇ. ಊರೆಲ್ಲಾ ಒಂದೇ ದಿನದಲ್ಲಿ ತಿಳ್ಕೊಂಡಿರೋ ಆ ಮನುಷ್ಯನೇ ಬೇಕಂತೆ. ಒಂದು ವರ್ಷ ಅಲ್ಲೇ ಇದ್ದು ದಿನಾ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡ್ಕೋಬೇಕು. ಒಪ್ಕೊಂಡ್ಬಿಟ್ಟೆ!"

"ಸಾರ್... ನನ್ನ ಫೋರ್ಮನ್ ಕೆಲಸ?"

"ಅದರ ಯೋಚನೆ ಬಿಡಿ. ಕುರ್ಚಿ ಖಾಲಿ ಇಡೋಕಾಗಲ್ವಲ್ಲ, ಸ್ಟೋರ್‌ಕೀಪರ್‌ಗೆ ಕೊಟ್ಟಿದೀನಿ. ಪಾಪ, ಬೆಳಿಗ್ಗೆಯಿಂದ ಅನ್ನ ನೀರು ಬಿಟ್ಟು ನಿಮಗೆ ದಾರಿ ತೋರಿಸಿದಾನೆ. ನಿಮ್ಮ ಮನೆಯವರಿಗೂ ತಿಳಿಸ್ದೆ. 'ಒಂದು ವರ್ಷಾನಾ? ನಂಗೆ ಮೊದಲೇ ಗೊತ್ತಿತ್ತು' ಅಂದ್ರು. ತುಂಬಾ ತಿಳುವಳಿಕೆ ಇರೋ ಹೆಣ್ಣುಮಗಳು."

ಮೇಸ್ತ್ರಿಗಳು ಫೋನು ಹಿಂತಿರುಗಿಸಿದ್ದೂ ಮೆಟ್ಟಿಲಿಳಿದದ್ದೂ ಅವರಿಗೆ ಗೊತ್ತಾಗಲಿಲ್ಲ. ಯಜಮಾನಿ ಬಾಗಿಲತನಕ ಬಂದು ಬೀಳ್ಕೊಟ್ಟಳು. ಓಡಾಟಕ್ಕೆ ತೊಂದರೆಯಾಗದಿರಲೆಂದು ವರ್ಷಕ್ಕೆಲ್ಲ ಒಂದು ಟ್ಯಾಕ್ಸಿಯನ್ನೂ ಗೊತ್ತು ಮಾಡಿದ್ದಳು. ಬೆಣ್ಣೆ ಮಾತಿನವನು ಹಲ್ಲು ಕಿರಿಯುತ್ತ ಬಾಗಿಲು ತೆಗೆದು ನಿಂತಿದ್ದ.

"ಹೋಟೆಲಿಗೆ ಹೋಗಪ್ಪ" ಎಂದರು ಮೇಸ್ತ್ರಿಗಳು, ಸೋತ ದನಿಯಲ್ಲಿ. "ಈ ಸಲ ನೆಟ್ಟಗೆ."

"ಛೆ ಛೆ, ನಿಮ್ಮ ಮುಂದೆ ನಾನ್ಯಾವ ಲೆಕ್ಕ ಸಾರ್! ಊರು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಸಾಹೇಬರು ಹೇಳಿದ ಕಡೆಗೇ ಓಡಿಸು ಅಂತ ಅಮ್ಮನ ಅಪ್ಪಣೆ ಆಗಿದೆ. ಹೇಳಿ, ಎಡಕ್ಕಾ, ಬಲಕ್ಕಾ?"

ಮೇಸ್ತ್ರಿಗಳು ತಿರುಗಿ ನೋಡಿದರು. ಯಜಮಾನಿ ಬಾಗಿಲಲ್ಲೇ ನಿಂತು ಮೆಚ್ಚುಗೆಯಿಂದ ನೋಡುತ್ತಿದ್ದಳು. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕೈ ಎತ್ತಿ, "ಎಡಕ್ಕೆ" ಎಂದರು.

ಎಡಕ್ಕಿದ್ದದ್ದು ನದಿ.