ಭೈರಸೇನನಿಗೆ ಕಷಾಯ

ಮುಂದಿನ ಕಥೆ ಕೇಳುವ ಚಪಲ ನನಗಿದೆ, ಹಿಂದಿನ ಕಥೆ ಕೇಳುವ ತಾಳ್ಮೆ ಇಲ್ಲ. ನಮ್ಮ ಕೊಪ್ಪಳದ ಕಡೆ ಇದೊಂದು ದೊಡ್ಡ ಊನವೇ ಸರಿ. ಇಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು "ಯಾವೂರ್ರಿ?" ಎಂದು ಶುರು ಮಾಡಿ, "ಮೂಲ ಎಲ್ಲ್ಯಾವ್ರು?" ಎಂದು ಮುಂದುವರಿಸಿ, ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ನಮ್ಮ ಮುತ್ತಜ್ಜನ ಎತ್ತಿನ ಬಣ್ಣವನ್ನೂ ತಿಳಿದುಕೊಂಡಿರುತ್ತಾರೆ. ಹಿಂದಿನದನ್ನು ಕೆದಕುವ ಈ ಹುಟ್ಟುಗುಣವನ್ನು ಯಾವನೋ ಮೊಬೈಲ್ ಆಟ ಮಾಡುವವನು ಪತ್ತೆ ಹಚ್ಚಿ, ಅದನ್ನು ನನ್ನ ಹೆಂಡತಿಯ ಫೋನಿಗೆ ತಂದು ಇಳಿಸಿದ್ದಾನೆ.

ವಿಷಯ ಇಷ್ಟೇ. ನನ್ನ ಹೆಂಡತಿ ಗಿರಿಜಾ ಆರು ವರ್ಷ ಒಂದು ರಾಜಮನೆತನದ ಧಾರಾವಾಹಿ ನೋಡಿದಳು. ಅದರ ಕೊನೆಯಲ್ಲಿ ಸೇನಾಪತಿ ಭೈರಸೇನ ರಾಣಿಗೆ ವಿಷ ಹಾಕಿದ. ಅಂದು ನಮ್ಮ ಮನೆಯಲ್ಲಿ ಪುಂಡಿಪಲ್ಯಕ್ಕೆ ಉಪ್ಪೇ ಬೀಳಲಿಲ್ಲ. ಹೋಗಲಿ, ಪೀಡೆ ಕಳೆಯಿತು ಎಂದುಕೊಂಡಿದ್ದೆ. ಆದರೆ ಆ ಧಾರಾವಾಹಿಗೂ ಇಪ್ಪತ್ತು ವರ್ಷ ಹಿಂದೆ ಏನಾಯಿತು ಎಂಬ ಕಥೆ ಈಗ ಮೊಬೈಲ್ ಆಟವಾಗಿ ಬಂದಿದೆ. ಅದರೊಳಗೆ ನಾವೇ ಒಂದು ಪಾತ್ರವಾಗಿ ಹೊಕ್ಕು, ಯುದ್ಧ ಮಾಡಿ, ಕಥೆಯನ್ನು ಮುಂದಕ್ಕೆ ನೂಕಬೇಕಂತೆ. ಉಂಡು ಕೈ ತೊಳೆದವರನ್ನು ಮತ್ತೆ ಅಡುಗೆಮನೆಗೆ ಕರೆದು, ಈ ಸಾರಿಗೆ ಒಗ್ಗರಣೆ ಹೀಗೆ ಹಾಕಿದ್ದೆವು ಎಂದು ತೋರಿಸುವುದಕ್ಕೆ ಇಷ್ಟೊಂದು ಕುದುರೆ ಯಾಕೆ ಬೇಕು?

ಆ ಕುದುರೆಗಳ ಕಾಲು ನೆಲಕ್ಕೇ ತಾಗುವುದಿಲ್ಲ. ಸೈನಿಕರ ಮುಖದಲ್ಲಿ ಜೀವವಿಲ್ಲ. ನಮ್ಮ ಕಿನ್ನಾಳದ ಕಟ್ಟಿಗೆಯ ಗೊಂಬೆಗಳೂ ಇವರಿಗಿಂತ ಚೆನ್ನಾಗಿ ಕಣ್ಣು ಬಿಡುತ್ತವೆ. ನಾಯಕ ಉಕ್ಕಿನ ಅಂಗಿ ತೊಟ್ಟು ಕೋಟೆಯ ಗೋಡೆಯನ್ನು ಒಂದೇ ಉಸಿರಿಗೆ ಏರುತ್ತಾನೆ. ಹನುಮನಹಳ್ಳಿಗೆ ಹೋಗಿ ಅಂಜನಾದ್ರಿಯ ಮೆಟ್ಟಿಲು ಹತ್ತುವಾಗ ನಾನು ಬನಿಯನ್ನಿನ ಭಾರಕ್ಕೇ ಆರು ಕಡೆ ಕೂತಿದ್ದೆ. ಇನ್ನು ಆಟದ ಕನ್ನಡವೋ! "ನಿಮ್ಮ ಖಡ್ಗವು ಸಂತೋಷದಿಂದ ನವೀಕರಿಸಲ್ಪಟ್ಟಿದೆ" ಎನ್ನುತ್ತದೆ. ಮೂವತ್ತು ವರ್ಷ ಸರ್ಕಾರಿ ಕಡತ ಬರೆದ ನನಗೇ ಅದನ್ನು ಓದಿ ನಾಚಿಕೆಯಾಯಿತು.

ಇಷ್ಟಿದ್ದರೂ ಗಿರಿಜಾ ಏಳನೇ ಹಂತದವರೆಗೆ ಬಿರುಗಾಳಿಯಂತೆ ಹೋದಳು. ಅಲ್ಲಿ ನಿಂತುಬಿಟ್ಟಳು. ಸೇತುವೆಯ ಮೇಲೆ ಅವಳ ದಂಡಿನ ಒಬ್ಬ ಹುಡುಗಸೈನಿಕ ಗಾಯಗೊಂಡು ಬಿದ್ದಿದ್ದಾನೆ. ಅವನಿಗೆ ಕಷಾಯ ಕುಡಿಸಿದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ಆ ಹುಡುಗನ ಹೆಸರು ಭೈರಸೇನ.

"ಮುಂದ ರಾಣಿಗೆ ವಿಷಾ ಹಾಕಾಂವ ಇಂವಾ. ಇವನಿಗೆ ನಾ ಕಷಾಯ ಕುಡಿಸಿ ಬದುಕಿಸ್ಲೇನ್ರಿ?" ಎಂದು ಕೇಳಿದಳು.

"ಬರೇ ಆಟ ಐತಿ. ಕುಡಿಸಿ ಒಗಿ ಅತ್ಲಾಗ."

"ಆಟ ಅಂತ ನೀವು ಅಂತೀರಿ. ಒತ್ತೋ ಬೆರಳು ನಂದೈತಿ."

ಮೂರು ವಾರ ಭೈರಸೇನ ಸೇತುವೆಯ ಮೇಲೆಯೇ ನರಳಿದ. ನಾನು ದಿನಾ ಸಂಜೆ ಚಹಾ ಕುಡಿಯುತ್ತಾ "ಇನ್ನೂ ಜೀವ ಐತೇನು ನಿನ್ನ ಅಳಿಯಗ?" ಎಂದು ಕಿಚಾಯಿಸುತ್ತಿದ್ದೆ. ಮೊಬೈಲಿನ ಬೊಂಬೆಯ ಮೇಲೆ ಹಗೆ ಸಾಧಿಸುವ ಹೆಂಗಸನ್ನು ಕಂಡು ನಗದೆ ಇರುವುದಾದರೂ ಹೇಗೆ?

ಇಲ್ಲಿ ನನ್ನದೂ ಒಂದು ಹಿಂದಿನ ಕಥೆ ಹೇಳಬೇಕು. ಕೊಪ್ಪಳದ ಕಚೇರಿಯಲ್ಲಿ ನನ್ನ ಕೈಕೆಳಗೆ ವಿರೂಪಾಕ್ಷ ಎಂಬ ಗುಮಾಸ್ತ ಸೇರಿದ್ದ. ಪೆನ್ನು ಹಿಡಿಯುವುದರಿಂದ ಶುರು ಮಾಡಿ ಎಲ್ಲವನ್ನೂ ಅವನಿಗೆ ಕಲಿಸಿದೆ. ಅದರಲ್ಲೂ ವರ್ಗಾವಣೆಯ ಟಿಪ್ಪಣಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಜಿಲ್ಲೆಯಲ್ಲಿರಲಿಲ್ಲ. "ಸದರಿ ನೌಕರರ ಅನುಭವದ ಪ್ರಯೋಜನವು ಇತರೆ ಕಚೇರಿಗಳಿಗೂ ದೊರೆಯುವುದು ಅಗತ್ಯವೆಂದು ಕಂಡುಬಂದಿರುವುದರಿಂದ" ಎಂಬ ವಾಕ್ಯ ನನ್ನದೇ ಸೃಷ್ಟಿ. ಎತ್ತಿ ಹೊರಗೆ ಹಾಕುವಾಗಲೂ ಹಾರ ಹಾಕಿದಂತಿರಬೇಕು ಎಂದು ಅವನಿಗೆ ಬಿಡಿಸಿ ಹೇಳಿದ್ದೆ. ಅವನು ಪರೀಕ್ಷೆ ಬರೆದು ನನಗಿಂತ ಮೇಲಿನ ಕುರ್ಚಿಗೆ ಹೋದ. ಹೋದ ವರ್ಷ ನನ್ನನ್ನು, ಕೊಪ್ಪಳದಿಂದ ದಿನಾ ಬಸ್ಸಿನಲ್ಲಿ ಓಡಾಡುವಂತೆ, ಯಲಬುರ್ಗಾಕ್ಕೆ ಹಾಕಿದ. ಆದೇಶ ಓದಿದೆ. ನನ್ನದೇ ವಾಕ್ಯ, ಒಂದಕ್ಷರ ಕೂಡ ಬದಲಾಗಿರಲಿಲ್ಲ.

ಹಾಗಾಗಿ ಯಲಬುರ್ಗಾದಲ್ಲಿ ಇನ್ನು ಮುಂದೆ ಯಾರಿಗೂ ಏನನ್ನೂ ಕಲಿಸುವುದಿಲ್ಲ ಎಂದು ಪಣ ತೊಟ್ಟೆ. ಅಲ್ಲಿ ರೇಣುಕಾ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ತಳಕಲ್ಲಿನವಳು, ಅವರ ಮನೆಯಲ್ಲಿ ನೌಕರಿ ಹಿಡಿದ ಮೊದಲ ಜೀವ. ಅವಳು ಬರೆದ ಕಡತಗಳೆಲ್ಲ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬರುತ್ತಿದ್ದವು. ಹೀಗೇ ಆದರೆ ನೌಕರಿ ಕಾಯಂ ಆಗುವುದಿಲ್ಲ ಎಂದು ಸಾಹೇಬರು ಎಲ್ಲರೆದುರೇ ಹೇಳಿದ್ದರು. "ಸರ್, ಇದನ್ನ ಹೆಂಗ ಬರೀಬೇಕು ಹೇಳ್ರಿ" ಎಂದು ಅವಳು ಬಂದಾಗಲೆಲ್ಲ, "ಸುತ್ತೋಲಿ ಓದಮ್ಮಾ, ಎಲ್ಲಾ ಅದರಾಗ ಐತಿ" ಎನ್ನುತ್ತಿದ್ದೆ. ಸುತ್ತೋಲೆಯಲ್ಲಿ ಏನೂ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಈ ಜಾಣತನವನ್ನು ಮನೆಗೆ ಬಂದು ಗಿರಿಜಾಳಿಗೂ ಹೇಳಿಕೊಂಡಿದ್ದೆ.

ಒಂದು ಸಂಜೆ ಮನೆಗೆ ಬಂದರೆ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿಟ್ಟ ಫೋನಿನಲ್ಲಿ ಭೈರಸೇನ ಬಾವುಟ ಹಿಡಿದು ಟಕಟಕ ನಡೆಯುತ್ತಿದ್ದ.

"ಏನಾತು ನಿನ್ನ ಶಪಥ?" ಎಂದು ನಕ್ಕೆ.

"ಕುಡಿಸಿದೆ" ಎಂದಳು, ರೊಟ್ಟಿಯಿಂದ ಕಣ್ಣು ತೆಗೆಯದೆ. "ಮೂರು ವಾರಾತು, ನನ್ನ ಮಾರೀನ ನೋಡ್ಕೋತ ಬಿದ್ದಾನ. ಅಂವ ಇನ್ನೂ ಏನೂ ಮಾಡಿಲ್ಲಲ್ರಿ. ಮುಂದ ಯಾವಾಗೋ ಮಾಡೋದಕ್ಕ ಈಗ ಸಾಯಾಕ ಬಿಟ್ರ, ವಿಷಾ ಹಾಕಿದವ್ರು ನಾವಾದ್ವಿ."

ನಾನು ಕೈಕಾಲು ತೊಳೆಯಲು ಹೊರಟೆ. ಹಿಂದಿನಿಂದ ಮತ್ತೊಂದು ಮಾತು ಬಂತು. "ವಿರೂಪಾಕ್ಷ ಬ್ಯಾರೆ, ಆ ಹುಡುಗಿ ಬ್ಯಾರೆ."

ಆ ದರಿದ್ರ ಆಟದಿಂದ ನನಗೆ ಬುದ್ಧಿ ಬಂತು ಎಂದು ಯಾರೂ ತಿಳಿಯಬಾರದು. ಆ ಆಟಕ್ಕೆ ತನಗೇ ಬುದ್ಧಿಯಿಲ್ಲ. ಆದರೂ ಮರುದಿನ ರೇಣುಕಾಳನ್ನು ನಾನೇ ಕರೆದೆ. "ಕುರ್ಚಿ ತಗೊಂಡ್ ಬಾಮ್ಮಾ, ಪೆನ್ನೂ ತಾ" ಎಂದೆ. ಆ ಹುಡುಗಿಯ ಮುಖ ನೋಡಿ, ಇಷ್ಟು ದಿನ ಸತಾಯಿಸಿದ್ದಕ್ಕೆ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎರಡು ತಿಂಗಳು ಎಲ್ಲವನ್ನೂ ಕಲಿಸಿದೆ. ಕೆಂಪು ಗೆರೆಗಳು ನಿಂತವು, ನೌಕರಿ ಕಾಯಂ ಆಯಿತು. ತಳಕಲ್ಲಿನಿಂದ ಅವಳ ತಾಯಿ ನನಗೊಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದಳು. ಎಲ್ಲ ಕಲಿಸಿದೆ ಎಂದೆನಲ್ಲ, ಒಂದನ್ನು ಬಿಟ್ಟು. ವರ್ಗಾವಣೆಯ ಟಿಪ್ಪಣಿ ಬರೆಯುವುದನ್ನು ಮಾತ್ರ ಕಲಿಸಲಿಲ್ಲ. ಕಷಾಯ ಕುಡಿಸಬೇಕು, ನಿಜ. ಕತ್ತಿಯನ್ನೂ ನಾವೇ ಕೈಗೆ ಕೊಡಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಮೊನ್ನೆ ಕಚೇರಿ ಬಿಡುವ ಹೊತ್ತಿಗೆ ರೇಣುಕಾ ಒಂದು ಹಾಳೆ ತಂದು ಮುಂದಿಟ್ಟಳು. "ಸಾಹೇಬ್ರು ವರ್ಗಾವಣಿ ಟಿಪ್ಪಣಿ ಬರಿ ಅಂದ್ರು. ನೀವು ಇದೊಂದು ಹೇಳಿಕೊಟ್ಟಿರಲಿಲ್ಲಲ್ರಿ, ಹಳೇ ಕಡತ ಹುಡುಕಿ ಒಂದು ಆದೇಶ ನೋಡಿ ಬರದೇನ್ರಿ. ಯಾರು ಬರದಾರೋ ಏನೋ, ಭಾಳ ಛಲೋ ಬರದಾರ್ರಿ ಸರ್."

ಓದಿದೆ. 'ಸದರಿ ನೌಕರರ ಅನುಭವದ ಪ್ರಯೋಜನವು ಇತರೆ ಕಚೇರಿಗಳಿಗೂ...'

ಎದೆ ಉಬ್ಬಿತು. "ಯಾರು ಬರದಾರ ಅಂತ ಕೇಳ್ತಿಯಲ್ಲಮ್ಮಾ, ನಾನ ಬರದಿದ್ದು!" ಎಂದೆ. ಅವಳು ಬೆರಗಾಗಿ ಕಣ್ಣರಳಿಸಿದಳು. ಆ ಹುಮ್ಮಸ್ಸಿನಲ್ಲಿ ಒಂದು ಅಲ್ಪವಿರಾಮವನ್ನು ತಿದ್ದಿ, "ಅಗತ್ಯ" ಎಂದಿದ್ದ ಕಡೆ "ಅತ್ಯಗತ್ಯ" ಎಂದು ಸೇರಿಸಿ, ಹಾಳೆಯನ್ನು ವಾಪಸು ಕೊಟ್ಟು ಬಸ್ಸು ಹತ್ತಿದೆ. ಹೆಸರು ಬರೆಯುವ ಜಾಗ ಖಾಲಿ ಇತ್ತು, ಯಾರ ವರ್ಗಾವಣೆ ಎಂದು ನಾನು ಕೇಳಲೇ ಇಲ್ಲ ಎಂಬುದು ಹೊಳೆದದ್ದು ಬಸ್ಸು ತಳಕಲ್ ದಾಟಿದ ಮೇಲೆ.